ಸ್ಲಾಟ್‌ಗೆ ಕೂತರೆ ಸಾಕಾ? ರೇಡ್ ಕಾರ್ಡ್ ಮತ್ತು ಡಿಸ್ಕ್‌ಗಳ ಹೊಂದಾಣಿಕೆ

ಬೆಂಗಳೂರಿಂದ ಮೈಸೂರು ಕಡೆ ಹೋಗುವಾಗ ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಸಿಗೋದಕ್ಕೆ ಮೊದಲು ನಿಡಘಟ್ಟ ಬರುತ್ತೆ. ಎಕ್ಸ್‌ಪ್ರೆಸ್‌ವೇ ಕೆಲಸ ಎರಡು ಪ್ಯಾಕೇಜ್ ಆಗಿ ನಡೆದಿತ್ತು ಅನ್ನೋದು ನಮ್ಮ ಸಿವಿಲ್ ಬ್ರಾಂಚಿನವರಿಗೆ ಗೊತ್ತಿರುತ್ತೆ: ಬೆಂಗಳೂರು–ನಿಡಘಟ್ಟ 56 ಕಿ.ಮೀ., ನಿಡಘಟ್ಟ–ಮೈಸೂರು 61 ಕಿ.ಮೀ. 2023ರ ಮಾರ್ಚ್ 12ರಂದು ಅದರ ಉದ್ಘಾಟನೆ ಆಯ್ತು. ಆ ಎರಡು ಪ್ಯಾಕೇಜ್ ಸೇರೋ ಜಾಗವನ್ನ ಸ್ವಲ್ಪ ಯೋಚಿಸಿ ನೋಡಿ. ಎರಡೂ ಕಡೆಯ ರಸ್ತೆ ತನ್ನಷ್ಟಕ್ಕೆ ಚೆನ್ನಾಗಿದ್ದರೆ ಸಾಲದು. ಲೇನ್ ಸಂಖ್ಯೆ, ಎತ್ತರ, ಮೀಡಿಯನ್, ನೀರು ಹರಿಯೋ ಚರಂಡಿ, ಎಲ್ಲವೂ ಆ ಒಂದು ಗೆರೆಯಲ್ಲಿ ಒಂದಕ್ಕೊಂದು ಕೂಡಬೇಕು. ಒಂದು ತಪ್ಪಿದರೂ ಗಾಡಿ ಅಲ್ಲೇ ಕುಲುಕುತ್ತೆ.

ಸರ್ವರ್ ಒಳಗೂ ಇಂಥದ್ದೇ ಒಂದು ಗೆರೆ ಇದೆ. ಒಂದು ಕಡೆ ಡಿಸ್ಕ್‌ಗಳು, ಇನ್ನೊಂದು ಕಡೆ ಮದರ್‌ಬೋರ್ಡ್ ಮತ್ತು ಆಪರೇಟಿಂಗ್ ಸಿಸ್ಟಂ, ನಡುವೆ ರೇಡ್ ಕಂಟ್ರೋಲರ್. ಕಾರ್ಡ್ ಸ್ಲಾಟ್‌ಗೆ ಸರಿಯಾಗಿ ಕೂತಿತು, ಕೇಬಲ್ ಸಿಕ್ಕಿಕೊಂಡಿತು, ಲೈಟ್ ಹತ್ತಿತು ಅಂದ ಮಾತ್ರಕ್ಕೆ ಅವು ಹೊಂದಿಕೊಂಡವು ಅಂತ ಅಲ್ಲ. ಹೊಂದಾಣಿಕೆ ಹಲವು ಪದರಗಳಲ್ಲಿ ಆಗಬೇಕು. ಆ ಪದರಗಳು ಯಾವುವು, ಒಂದೊಂದನ್ನೂ ಹೇಗೆ ಪರೀಕ್ಷಿಸೋದು, ಆಮೇಲೆ ಸೆಟಪ್ ಹೇಗೆ ಮಾಡೋದು ಅನ್ನೋದೇ ಈ ಲೇಖನ. ಎಸ್‌ಪಿ ರೋಡಿನಲ್ಲಿ ಹಳೇ ಸರ್ವರ್ ಕಾರ್ಡ್ ಅಗ್ಗಕ್ಕೆ ಸಿಗುತ್ತೆ ಅಂತ ಹೊರಟಿರೋ ಗೆಳೆಯರು ದಯವಿಟ್ಟು ಓದಿಕೊಂಡೇ ಹೋಗಿ.

ಇದು ಯಾಕೆ ಮುಖ್ಯ?

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್‌ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಮೂವರು ಒಂದು ಪೇಪರ್ ಬರೆದರು. ಒಂದು ದೊಡ್ಡ ದುಬಾರಿ ಡಿಸ್ಕ್ ಬದಲು ಹಲವು ಸಣ್ಣ ಅಗ್ಗದ ಡಿಸ್ಕ್‌ಗಳನ್ನ ಜೋಡಿಸಿದರೆ ವೇಗವೂ ಸಿಗುತ್ತೆ, ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯೋ ಹಾಗೆ ಮಾಡಬಹುದು ಅನ್ನೋದು ಅದರ ಸಾರ. ರೇಡ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. ಆ ಜೋಡಣೆಯ ಲೆಕ್ಕಾಚಾರವನ್ನ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇಟ್ಟುಕೊಂಡು ಮಾಡೋ ಕಾರ್ಡೇ ರೇಡ್ ಕಂಟ್ರೋಲರ್.

ನಮ್ಮ ಕಡೆಯದೇ ಒಂದು ಉದಾಹರಣೆ ತಗೊಳ್ಳಿ. ನಿಡಘಟ್ಟದ ರೈತರೊಬ್ಬರಿಗೆ ಬ್ಯಾಂಕ್ ಸಾಲಕ್ಕೆ ಪಹಣಿ ಬೇಕು ಅಂದ್ರೆ ಒಂದು ಕಾಲದಲ್ಲಿ ಗ್ರಾಮ ಲೆಕ್ಕಿಗರ ಹತ್ತಿರ ಇದ್ದ ಕೈಬರಹದ ಪುಸ್ತಕವೇ ಗತಿ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದಾಗ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರ್‌ಗೆ ಬಂದವು. ಮೊದಲಿಗೆ ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಡೇಟಾ ಇರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಗಿ, ಕಂಪ್ಯೂಟರ್ ಕೊಡೋ ಪ್ರತಿಯೇ ಅಧಿಕೃತ ಆಯ್ತು. ಅಂದ್ರೆ ಯಾರ ಹೆಸರಲ್ಲಿ ಎಷ್ಟು ಗುಂಟೆ ಇದೆ ಅನ್ನೋದು ಕೊನೆಗೆ ಯಾವುದೋ ಡಿಸ್ಕಿನ ಮೇಲಿನ ಕೆಲವು ಸೆಕ್ಟರ್‌ಗಳು. ನೀವು ನಾಳೆ ಕೆಲಸಕ್ಕೆ ಸೇರಿ ನೋಡಿಕೊಳ್ಳೋ ಸರ್ವರ್ ಒಳಗೆ ಇಂಥ ಯಾರದೋ ಬದುಕು ಇರುತ್ತೆ. ಕಾಲೇಜು ಲ್ಯಾಬಿನ ಸರ್ವರ್ ಆದರೂ ಅಷ್ಟೇ, ನಾಲ್ಕು ಬ್ಯಾಚಿನ ಪ್ರಾಜೆಕ್ಟ್ ಅದರಲ್ಲಿ ಕೂತಿರುತ್ತೆ.

ಮೊದಲ ಪದರ: ಕನೆಕ್ಟರ್ ಮತ್ತು ಕೇಬಲ್

ಸರ್ವರ್ ಡಿಸ್ಕ್‌ಗಳಲ್ಲಿ ಹೆಚ್ಚಾಗಿ ಸಿಗೋದು ಎರಡು ಜಾತಿ: ಸಾಟಾ ಮತ್ತು ಸ್ಯಾಸ್. ನೆನಪಿಡಬೇಕಾದ ನಿಯಮ ಒಂದೇ. ಸ್ಯಾಸ್ ಕಂಟ್ರೋಲರ್‌ಗೆ ಸಾಟಾ ಡಿಸ್ಕ್ ಹಾಕಬಹುದು, ಆದರೆ ಸಾಟಾ ಪೋರ್ಟ್‌ಗೆ ಸ್ಯಾಸ್ ಡಿಸ್ಕ್ ಹಾಕೋಕೆ ಆಗಲ್ಲ. ಕನೆಕ್ಟರ್ ನೋಡಿದರೇ ಗೊತ್ತಾಗುತ್ತೆ: ಸಾಟಾ ಡಿಸ್ಕಿನಲ್ಲಿ ಡೇಟಾ ಮತ್ತು ಪವರ್ ಭಾಗದ ನಡುವೆ ಒಂದು ಸಂದು ಇರುತ್ತೆ, ಸ್ಯಾಸ್ ಡಿಸ್ಕಿನಲ್ಲಿ ಆ ಸಂದು ಮುಚ್ಚಿರುತ್ತೆ. ಮಾಮೂಲಿ ಡೆಸ್ಕ್‌ಟಾಪ್‌ನ ಸಾಟಾ ಕೇಬಲ್ ಅದಕ್ಕೆ ಹೋಗೋದೇ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಸ್ಯಾಸ್ ಡಿಸ್ಕ್ ತಂದು ಮನೆ ಪಿಸಿಗೆ ಹಾಕೋಕೆ ಹೋದೋರು ಇಲ್ಲೇ ನಿಲ್ಲುತ್ತಾರೆ.

ಕಾರ್ಡ್ ಹೆಸರಿನ ಕೊನೆಯಲ್ಲಿ 8ಐ, 16ಐ, 8ಇ ಅಂತ ಇರುತ್ತಲ್ಲ, ಅದರಲ್ಲಿ ಐ ಅಂದ್ರೆ ಸರ್ವರ್ ಒಳಗಿನ ಪೋರ್ಟ್, ಇ ಅಂದ್ರೆ ಹೊರಗಿನದು. ಸಂಖ್ಯೆ ಅಂದ್ರೆ ಎಷ್ಟು ಲೇನ್ ಅಂತ. ಹಳೇ ಕಾರ್ಡ್‌ಗಳಲ್ಲಿ 8087, ಆಮೇಲಿನವುಗಳಲ್ಲಿ 8643 ಅನ್ನೋ ನಂಬರಿನ ಕನೆಕ್ಟರ್ ಬರುತ್ತೆ. ಒಂದೊಂದರಲ್ಲೂ ನಾಲ್ಕು ಲೇನ್. ಒಂದು ಕನೆಕ್ಟರನ್ನ ನಾಲ್ಕು ಸಾಟಾ ಡಿಸ್ಕಿಗೆ ಒಡೆಯೋ ಕೇಬಲ್ ಕೊಳ್ಳುವಾಗ ಹುಷಾರು. ಫಾರ್ವರ್ಡ್, ರಿವರ್ಸ್ ಅಂತ ಎರಡು ಥರ ಇವೆ. ನೋಡೋಕೆ ಒಂದೇ ಥರ, ಒಳಗಿನ ವೈರಿಂಗ್ ಬೇರೆ. ಕಾರ್ಡಿನಿಂದ ಡಿಸ್ಕ್ ಕಡೆಗೆ ಹೋಗೋದಾದರೆ ಫಾರ್ವರ್ಡ್ ಬೇಕು. ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟಿನಿಂದ ಬ್ಯಾಕ್‌ಪ್ಲೇನ್ ಕಡೆಗೆ ಹೋಗೋದಾದರೆ ರಿವರ್ಸ್. ತಪ್ಪು ಕೇಬಲ್ ಹಾಕಿದರೆ ಏನೂ ಸುಡಲ್ಲ, ಆದರೆ ಡಿಸ್ಕ್ ಕಾಣಿಸೋದೂ ಇಲ್ಲ.

ಪವರ್ ಕಡೆಯೂ ಒಂದು ತಿರುವು ಇದೆ. ಕೆಲವು ಹೊಸ ದೊಡ್ಡ ಸಾಟಾ ಡಿಸ್ಕ್‌ಗಳಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗೋ ಸೌಲಭ್ಯ ಇರುತ್ತೆ. ಹಳೇ ಪವರ್ ಸಪ್ಲೈ ಆ ಪಿನ್‌ಗೆ ಯಾವಾಗಲೂ ವೋಲ್ಟೇಜ್ ಕೊಡ್ತಾನೇ ಇರುತ್ತೆ. ಹಾಗಾಗಿ ಒಳ್ಳೇ ಡಿಸ್ಕೂ ಸತ್ತ ಹಾಗೆ ಸುಮ್ಮನಿರುತ್ತೆ. ತಿರುಗೋ ಸದ್ದೇ ಬರದಿದ್ದರೆ ಮೊದಲು ಇದನ್ನ ಅನುಮಾನಿಸಿ.

ಎರಡನೇ ಪದರ: ಡಿಸ್ಕಿನ ಅಳತೆ ಮತ್ತು ಸ್ವಭಾವ

512 ಬೈಟಿನ ಸೆಕ್ಟರ್, 32 ಬಿಟ್ ವಿಳಾಸ. ಗುಣಿಸಿ ನೋಡಿ: 2ರ ಘಾತ 32ನ್ನ 512ರಿಂದ ಗುಣಿಸಿದರೆ ಸುಮಾರು 2.2 ಟಿಬಿ. ಸೆಕೆಂಡಿಗೆ 3 ಗಿಗಾಬಿಟ್ ಕಾಲದ ಹಲವು ಕಾರ್ಡ್‌ಗಳು, ಉದಾಹರಣೆಗೆ ಎಲ್‌ಎಸ್‌ಐ 1068ಇ ಚಿಪ್ ಇರೋವು, ಇದಕ್ಕಿಂತ ದೊಡ್ಡ ಡಿಸ್ಕನ್ನ ಪೂರ್ತಿ ನೋಡಲಾರವು. 4 ಟಿಬಿ ಡಿಸ್ಕ್ ಹಾಕಿದರೂ ನಿಮಗೆ ಸಿಗೋದು 2 ಚಿಲ್ಲರೆ. ಫರ್ಮ್‌ವೇರ್ ಬದಲಿಸಿದರೂ ಸರಿಹೋಗಲ್ಲ, ಚಿಪ್ಪಿನ ಮಿತಿ ಅದು.

ಸೆಕ್ಟರಿನ ಅಳತೆಯಲ್ಲೂ ಬೇರೆ ಬೇರೆ ಇವೆ. ಒಳಗೂ ಹೊರಗೂ 512 ಬೈಟ್ ಇರೋವು, ಒಳಗೆ 4096 ಇದ್ದು ಹೊರಗೆ 512 ಅಂತ ತೋರಿಸಿಕೊಳ್ಳೋವು, ಎರಡೂ ಕಡೆ 4096 ಇರೋವು. ಮೂರನೇ ಜಾತಿಯನ್ನ ಹಳೇ ಕಾರ್ಡ್‌ಗಳು ಒಪ್ಪಲ್ಲ. ಇದಲ್ಲದೆ ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಬಿಚ್ಚಿ ಮಾರೋ ಸ್ಯಾಸ್ ಡಿಸ್ಕ್‌ಗಳಲ್ಲಿ 520 ಬೈಟಿನ ಸೆಕ್ಟರ್ ಇರೋದುಂಟು. ಡಿಸ್ಕ್ ಪಟ್ಟಿಯಲ್ಲಿ ಕಾಣುತ್ತೆ, ಬಳಸೋಕೆ ಹೋದರೆ ಆಗಲ್ಲ ಅನ್ನುತ್ತೆ. ಲಿನಕ್ಸ್‌ನ ಎಸ್‌ಜಿ ಫಾರ್ಮ್ಯಾಟ್ ಟೂಲಿನಿಂದ 512ಕ್ಕೆ ತರಬಹುದು. ಡಿಸ್ಕ್ ದೊಡ್ಡದಾದರೆ ಗಂಟೆಗಟ್ಟಲೆ ಹಿಡಿಯುತ್ತೆ, ಇದ್ದ ಡೇಟಾ ಎಲ್ಲಾ ಹೋಗುತ್ತೆ.

ಇನ್ನು ಸ್ವಭಾವ. ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಓದೋಕೆ ಆಗದಿದ್ದರೆ ಬಿಡದೆ ಪ್ರಯತ್ನ ಮಾಡುತ್ತೆ, ಕೆಲವು ಸಲ ಒಂದು ನಿಮಿಷಕ್ಕೂ ಮೇಲೆ. ಮನೆಯಲ್ಲಿ ಅದು ಒಳ್ಳೇ ಗುಣ. ರೇಡ್ ಕಾರ್ಡಿಗೆ ಅಷ್ಟು ತಾಳ್ಮೆ ಇಲ್ಲ. ಉತ್ತರ ಬರಲಿಲ್ಲ ಅಂದ್ರೆ ಈ ಡಿಸ್ಕ್ ಸತ್ತಿದೆ ಅಂತ ಅರೇಯಿಂದ ಹೊರಗೆ ಹಾಕುತ್ತೆ. ಸರ್ವರ್ ಡಿಸ್ಕ್‌ಗಳಲ್ಲಿ ಈ ಪ್ರಯತ್ನದ ಸಮಯ ಸಾಮಾನ್ಯವಾಗಿ 7 ಸೆಕೆಂಡ್. ಅಷ್ಟರಲ್ಲಿ ಆಗಲಿಲ್ಲ ಅಂತ ಹೇಳಿಬಿಡುತ್ತೆ, ಕಾರ್ಡ್ ಉಳಿದ ಡಿಸ್ಕ್‌ಗಳಿಂದ ಆ ಭಾಗವನ್ನ ಲೆಕ್ಕ ಹಾಕಿ ತೆಗೆಯುತ್ತೆ. ಆರೋಗ್ಯವಾಗಿರೋ ಡಿಸ್ಕ್ ಪದೇ ಪದೇ ಅರೇಯಿಂದ ಬೀಳ್ತಾ ಇದ್ದರೆ ಕಾರಣ ಇದೂ ಇರಬಹುದು. ಹಾಗೆಯೇ ಟ್ರ್ಯಾಕ್‌ಗಳನ್ನ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಬರೆಯೋ ಎಸ್‌ಎಂಆರ್ ಡಿಸ್ಕ್‌ಗಳು ರೀಬಿಲ್ಡ್ ಸಮಯದಲ್ಲಿ ತೀರಾ ನಿಧಾನ. ಡೇಟಾಶೀಟ್ ನೋಡಿ, ಸಿಎಂಆರ್ ಅಂತ ಇರೋದನ್ನೇ ತಗೊಳ್ಳಿ.

ಮೂರನೇ ಪದರ: ಸ್ಲಾಟ್, ಗಾಳಿ ಮತ್ತು ಬೋರ್ಡ್

ಕಾರ್ಡ್ ಎಂಟು ಲೇನಿನದು, ಸ್ಲಾಟ್ ನೋಡೋಕೆ ಹದಿನಾರು ಲೇನಿನದು. ಆದರೆ ಒಳಗೆ ವೈರಿಂಗ್ ನಾಲ್ಕೇ ಲೇನ್ ಇರಬಹುದು. ಮದರ್‌ಬೋರ್ಡ್ ಮ್ಯಾನುಯಲ್ ತೆಗೆದು ನೋಡಿ. ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಲೇನಿಗೆ ಸೆಕೆಂಡಿಗೆ 500 ಎಂಬಿ. ನಾಲ್ಕು ಲೇನ್ ಅಂದ್ರೆ 2 ಜಿಬಿ. 200 ಎಂಬಿ ವೇಗದ ಎಂಟು ಹಾರ್ಡ್ ಡಿಸ್ಕಿಗೆ 1.6 ಜಿಬಿ ಸಾಕು, ತೊಂದರೆ ಇಲ್ಲ. ಎಂಟು ಎಸ್‌ಎಸ್‌ಡಿ ಹಾಕಿದರೆ ಅಲ್ಲಿ ಟ್ರಾಫಿಕ್ ಜಾಮ್.

ಡೆಸ್ಕ್‌ಟಾಪ್ ಬೋರ್ಡಿಗೆ ಸರ್ವರ್ ಕಾರ್ಡ್ ಹಾಕಿದಾಗ ಕೆಲವು ಸಲ ಕಂಪ್ಯೂಟರ್ ಆನ್ ಆಗೋದೇ ಇಲ್ಲ. ಡೆಲ್‌ನ ಕೆಲವು ಹಳೇ ಪರ್ಕ್ ಕಾರ್ಡ್‌ಗಳಲ್ಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ. ಕಾರ್ಡಿನ ಬಿ5, ಬಿ6 ಪಿನ್‌ಗಳು ಎಸ್‌ಎಂಬಸ್ ಅನ್ನೋ ಸಣ್ಣ ನಿರ್ವಹಣಾ ತಂತಿಗೆ ಸೇರಿರುತ್ತವೆ, ಅಲ್ಲಿ ಬೋರ್ಡಿಗೂ ಕಾರ್ಡಿಗೂ ಜಗಳ. ಆ ಎರಡು ಪಿನ್ ಮೇಲೆ ಶಾಖ ತಡೆಯೋ ತೆಳು ಟೇಪ್ ಅಂಟಿಸಿದರೆ ಬಗೆಹರಿಯುತ್ತೆ.

ಈ ಕಾರ್ಡ್‌ಗಳಿಗೆ ಸ್ವಂತ ಫ್ಯಾನ್ ಇರಲ್ಲ, ಹೀಟ್‌ಸಿಂಕ್ ಮಾತ್ರ. ರ‍್ಯಾಕ್ ಸರ್ವರ್‌ನಲ್ಲಿ ವಿಮಾನದ ಹಾಗೆ ಸದ್ದು ಮಾಡೋ ಫ್ಯಾನ್‌ಗಳು ಬಿಡೋ ಗಾಳಿಯನ್ನ ನಂಬಿ ಮಾಡಿದ್ದು ಅವು. ಪಿಸಿ ಕ್ಯಾಬಿನೆಟ್‌ಗೆ ಹಾಕೋದಾದರೆ ಹೀಟ್‌ಸಿಂಕ್ ಕಡೆಗೆ ಒಂದು ಸಣ್ಣ ಫ್ಯಾನ್ ತಿರುಗಿಸಿಡಿ. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಇದನ್ನ ಮರೆಯೋ ಹಾಗೇ ಇಲ್ಲ.

ನಾಲ್ಕನೇ ಪದರ: ಫರ್ಮ್‌ವೇರ್ ಮತ್ತು ಡ್ರೈವರ್

ಇಲ್ಲಿ ಕಂಪನಿಯ ನಿರ್ಧಾರವೂ ಸೇರಿಕೊಳ್ಳುತ್ತೆ. 2010ರಲ್ಲಿ ಡೆಲ್ ತನ್ನ ಆಗಿನ ಹೊಸ ಪರ್ಕ್ ಎಚ್700 ಸರಣಿಯಲ್ಲಿ ತಾನು ಸರ್ಟಿಫೈ ಮಾಡದ ಡಿಸ್ಕ್‌ಗಳನ್ನ ಬ್ಲಾಕ್ ಮಾಡಿತ್ತು. ಗ್ರಾಹಕರು ತಿರುಗಿ ಬಿದ್ದ ಮೇಲೆ ಅದೇ ವರ್ಷ ಆ ನಿರ್ಬಂಧ ತೆಗೆಯಿತು. ಡಿಸ್ಕ್ ಕೆಟ್ಟಿರಲಿಲ್ಲ, ಕಾರ್ಡೂ ಕೆಟ್ಟಿರಲಿಲ್ಲ, ನಡುವೆ ಇದ್ದ ಫರ್ಮ್‌ವೇರ್ ಬೇಡ ಅಂದಿತ್ತು ಅಷ್ಟೇ. ಅದಕ್ಕೇ ಹೊಸ ಸರ್ವರ್ ಕೊಳ್ಳೋರು ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ಡಿಸ್ಕಿನ ಮಾಡೆಲ್ ಮಾತ್ರ ಅಲ್ಲ, ಅದರ ಫರ್ಮ್‌ವೇರ್ ವರ್ಷನ್ ಕೂಡ ನೋಡಬೇಕು.

ಆಪರೇಟಿಂಗ್ ಸಿಸ್ಟಂ ಕೂಡ ಹಳೇ ನೆಂಟರನ್ನ ಮರೆಯುತ್ತೆ. ಎಲ್‌ಎಸ್‌ಐ 2008 ಚಿಪ್ಪಿನ ಕಾರ್ಡ್‌ಗಳು ಬೇಕಾದಷ್ಟು ಅಗ್ಗಕ್ಕೆ ಸಿಗುತ್ತವೆ, ಉಬುಂಟುನಲ್ಲಿ ಸಲೀಸಾಗಿ ಓಡುತ್ತವೆ. ಆದರೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಆ ಚಿಪ್ಪಿಗೆ ಬೆಂಬಲ ತೆಗೆದುಹಾಕಿದರು. ಹಾಗೇ ವಿಎಂವೇರ್‌ನ ಇಎಸ್‌ಎಕ್ಸ್‌ಐ 7ರಲ್ಲಿ ಹಳೇ ಶೈಲಿಯ ಡ್ರೈವರ್‌ಗಳನ್ನೇ ಕೈಬಿಟ್ಟರು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಪಟ್ಟಿ ಖಾಲಿ ಬಂದರೆ ಕಾರ್ಡ್ ಹಾಳಾಗಿದೆ ಅಂತ ತೀರ್ಮಾನ ಮಾಡಬೇಡಿ, ಡ್ರೈವರ್ ಇಲ್ಲದೆ ಇರಬಹುದು. ವಿಂಡೋಸ್ ಸರ್ವರ್‌ನಲ್ಲಾದರೆ ಇನ್‌ಸ್ಟಾಲ್ ಪರದೆಯಲ್ಲೇ ಡ್ರೈವರ್ ಲೋಡ್ ಮಾಡೋ ಬಟನ್ ಇದೆ.

ಐದನೇ ಪದರ: ಯಾವ ಮೋಡ್?

ಒಂದೇ ಚಿಪ್ಪಿನ ಕಾರ್ಡ್ ಎರಡು ಅವತಾರದಲ್ಲಿ ಬರಬಹುದು. ರೇಡ್ ಮೋಡ್‌ನಲ್ಲಿ ಕಾರ್ಡ್ ಡಿಸ್ಕ್‌ಗಳನ್ನ ತನ್ನ ಹಿಂದೆ ಮರೆಮಾಡಿ, ಒಂದು ದೊಡ್ಡ ಡಿಸ್ಕ್ ಇದೆ ಅಂತ ಆಪರೇಟಿಂಗ್ ಸಿಸ್ಟಂಗೆ ತೋರಿಸುತ್ತೆ. ಎಚ್‌ಬಿಎ ಅಥವಾ ಐಟಿ ಮೋಡ್‌ನಲ್ಲಿ ಒಂದೊಂದು ಡಿಸ್ಕನ್ನೂ ಇದ್ದ ಹಾಗೆ ಕೈಗೆ ಕೊಡುತ್ತೆ. ಜೆಡ್‌ಎಫ್‌ಎಸ್ ಬಳಸೋ ಆಸೆ ಇದ್ದರೆ ಎರಡನೆಯದೇ ಬೇಕು, ಯಾಕಂದ್ರೆ ಅದು ಡಿಸ್ಕ್ ಜೊತೆ ನೇರ ಮಾತಾಡೋಕೆ ಬಯಸುತ್ತೆ. ಪರ್ಕ್ ಎಚ್700ನಲ್ಲಿ ಆ ಮೋಡ್ ಇಲ್ಲ, ಎಚ್730ರಲ್ಲಿ ಇದೆ. ಐಬಿಎಂ ಎಂ1015, ಎಲ್‌ಎಸ್‌ಐ 9211-8ಐ ಥರದ 2008 ಚಿಪ್ಪಿನ ಕಾರ್ಡ್‌ಗಳಿಗೆ ಐಟಿ ಫರ್ಮ್‌ವೇರ್ ಹಾಕಬಹುದು. ಎಲ್ಲಕ್ಕೂ ಮುಂಚೆ ನಿಮಗೆ ಏನು ಬೇಕು ಅಂತ ನಿರ್ಧರಿಸಿ, ಆಮೇಲೆ ಕಾರ್ಡ್ ಹುಡುಕಿ. ಉಲ್ಟಾ ಮಾಡಿದರೆ ದುಡ್ಡು ದಂಡ.

ಈಗ ಸೆಟಪ್

ಒಂದು: ಪ್ರತಿ ಡಿಸ್ಕಿನ ಸ್ಮಾರ್ಟ್ ಮಾಹಿತಿ ಓದಿ. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದು ಟ್ರೇ ಮೇಲೆ ಅಂಟಿಸಿ. ಒಂದು ಡಿಸ್ಕ್ ಸತ್ತ ರಾತ್ರಿ ಯಾವುದನ್ನ ಎಳೀಬೇಕು ಅಂತ ಗೊತ್ತಾಗೋದು ಈ ಚೀಟಿಯಿಂದಲೇ.

ಎರಡು: ಅರೇ ಕಟ್ಟೋಕೆ ಮೊದಲೇ ಕಾರ್ಡಿನ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಡೇಟಾ ತುಂಬಿದ ಮೇಲೆ ಮಾಡೋದು ಎದೆ ಢವಢವ ಕೆಲಸ.

ಮೂರು: ಕಾನ್ಫಿಗರೇಷನ್ ಪರದೆಗೆ ಹೋಗಿ. ಹಳೇ ಬಯೋಸ್‌ನಲ್ಲಿ ಬೂಟ್ ಆಗುವಾಗ ಪರ್ಕ್‌ಗೆ ಕಂಟ್ರೋಲ್-ಆರ್, ಎಲ್‌ಎಸ್‌ಐ ಮೆಗಾರೇಡ್‌ಗೆ ಕಂಟ್ರೋಲ್-ಎಚ್, ಅಡಾಪ್ಟೆಕ್‌ಗೆ ಕಂಟ್ರೋಲ್-ಎ. ಯುಇಎಫ್‌ಐ ಇರೋ ಹೊಸ ಸರ್ವರ್‌ನಲ್ಲಿ ಸಿಸ್ಟಂ ಸೆಟಪ್ ಮೆನುವಿನ ಒಳಗೇ ಇರುತ್ತೆ.

ನಾಲ್ಕು: ಲೆವೆಲ್ ಆರಿಸಿ. ನಾಲ್ಕು 4 ಟಿಬಿ ಡಿಸ್ಕ್ ಇದ್ದರೆ ರೇಡ್ 0ಯಲ್ಲಿ 16 ಟಿಬಿ ಸಿಗುತ್ತೆ, ಆದರೆ ಒಂದು ಸತ್ತರೆ ಎಲ್ಲಾ ಹೋಯ್ತು. ರೇಡ್ 5ರಲ್ಲಿ 12 ಟಿಬಿ, ಒಂದು ಸತ್ತರೆ ತಡೆಯುತ್ತೆ. ರೇಡ್ 6ರಲ್ಲಿ 8 ಟಿಬಿ, ಯಾವ ಎರಡು ಸತ್ತರೂ ತಡೆಯುತ್ತೆ. ರೇಡ್ 10ರಲ್ಲೂ 8 ಟಿಬಿ, ವೇಗ ಹೆಚ್ಚು, ಆದರೆ ಒಂದೇ ಜೋಡಿಯ ಎರಡೂ ಸತ್ತರೆ ಮುಗೀತು. ದೊಡ್ಡ ಡಿಸ್ಕಿಗೆ ರೇಡ್ 5 ಬೇಡ ಅನ್ನೋದು ಸುಮ್ಮನೆ ಅಲ್ಲ. 8 ಟಿಬಿ ಡಿಸ್ಕನ್ನ ಸೆಕೆಂಡಿಗೆ 150 ಎಂಬಿ ವೇಗದಲ್ಲಿ ತುಂಬಿಸೋಕೇ ಸುಮಾರು 15 ಗಂಟೆ ಬೇಕು. ಅಷ್ಟು ಹೊತ್ತೂ ಉಳಿದ ಡಿಸ್ಕ್‌ಗಳು ಪೂರ್ತಿ ಕೆಲಸ ಮಾಡ್ತಾ ಇರುತ್ತವೆ, ಅವೂ ಅದೇ ವಯಸ್ಸಿನವು.

ಐದು: ರೈಟ್ ಕ್ಯಾಶ್. ರೈಟ್-ಬ್ಯಾಕ್ ಇಟ್ಟರೆ ಡೇಟಾ ಕಾರ್ಡಿನ ಮೆಮೊರಿಗೆ ಬಂದ ಕೂಡಲೇ ಬರೆದಾಯ್ತು ಅಂತ ಹೇಳುತ್ತೆ, ಡಿಸ್ಕಿಗೆ ಆಮೇಲೆ ಹೋಗುತ್ತೆ. ವೇಗ ಚೆನ್ನಾಗಿರುತ್ತೆ. ನಡುವೆ ಕರೆಂಟ್ ಹೋದರೆ? ಕಾರ್ಡಿಗೆ ಬ್ಯಾಟರಿ ಅಥವಾ ಸೂಪರ್ ಕೆಪಾಸಿಟರ್ ಇದ್ದರೆ ಉಳಿಯುತ್ತೆ, ಇಲ್ಲದಿದ್ದರೆ ಹೋಗುತ್ತೆ. ಸೆಕೆಂಡ್ ಹ್ಯಾಂಡ್ ಕಾರ್ಡಿನ ಬ್ಯಾಟರಿ ಸತ್ತಿರೋದೇ ಹೆಚ್ಚು. ಆಗ ಕಾರ್ಡ್ ತಾನಾಗಿ ರೈಟ್-ಥ್ರೂಗೆ ಇಳಿದು ನಿಧಾನ ಆಗುತ್ತೆ. ಸ್ಪೀಡ್ ಬರಲಿ ಅಂತ ಬಲವಂತವಾಗಿ ರೈಟ್-ಬ್ಯಾಕ್ ಹಾಕೋ ಆಯ್ಕೆಯೂ ಮೆನುವಿನಲ್ಲಿ ಇರುತ್ತೆ. ಅದನ್ನ ಮುಟ್ಟಬೇಡಿ, ಹೊಸ ಬ್ಯಾಟರಿ ಹಾಕಿಸಿ.

ಆರು: ಬೂಟ್ ವಾಲ್ಯೂಮ್ 2 ಟಿಬಿಗಿಂತ ದೊಡ್ಡದಾದರೆ ಜಿಪಿಟಿ ಮತ್ತು ಯುಇಎಫ್‌ಐ ಬೇಕು. ಬೂಟ್‌ಗೆ ಚಿಕ್ಕ ವಾಲ್ಯೂಮ್ ಬೇರೆ ಮಾಡಿಕೊಂಡರೆ ತಲೆನೋವೇ ಇಲ್ಲ.

ಏಳು: ಖಾಲಿ ಇರುವಾಗಲೇ ಪರೀಕ್ಷೆ ಮಾಡಿ. ಕೆಲವು ಫೈಲ್ ಹಾಕಿ, ಒಂದು ಡಿಸ್ಕ್ ಎಳೀರಿ. ಅಲಾರಂ ಹೊಡೆಯಿತಾ? ಈಮೇಲ್ ಬಂತಾ? ಬೇರೆ ಡಿಸ್ಕ್ ಹಾಕಿದಾಗ ರೀಬಿಲ್ಡ್ ತಾನಾಗಿ ಶುರುವಾಯ್ತಾ, ಎಷ್ಟು ಗಂಟೆ ಹಿಡೀತು? ಬರೆದಿಟ್ಟುಕೊಳ್ಳಿ. ಪರೀಕ್ಷೆ ಮಾಡದ ರೇಡ್ ಬರೀ ನಂಬಿಕೆ.

ಕಾರ್ಡೇ ಸತ್ತರೆ?

ಎಲ್ಲರೂ ಡಿಸ್ಕ್ ಸಾಯೋದನ್ನ ಯೋಚಿಸ್ತಾರೆ, ಕಾರ್ಡ್ ಸಾಯೋದನ್ನ ಮರೀತಾರೆ. ಯಾವ ಡಿಸ್ಕ್ ಎಷ್ಟನೇದು, ಸ್ಟ್ರೈಪ್ ಎಷ್ಟು ದೊಡ್ಡದು ಅನ್ನೋ ವಿವರವನ್ನ ಕಾರ್ಡ್ ಡಿಸ್ಕ್‌ಗಳ ಮೇಲೇ ಒಂದು ಮೂಲೆಯಲ್ಲಿ ಬರೆದಿಟ್ಟಿರುತ್ತೆ. ಅದೇ ವಂಶದ ಇನ್ನೊಂದು ಕಾರ್ಡ್ ಹಾಕಿದರೆ ಸಾಮಾನ್ಯವಾಗಿ ಅದನ್ನ ಓದಿ, ಇಲ್ಲೊಂದು ಫಾರಿನ್ ಕಾನ್ಫಿಗರೇಷನ್ ಇದೆ, ಇಂಪೋರ್ಟ್ ಮಾಡಲಾ ಅಥವಾ ಕ್ಲಿಯರ್ ಮಾಡಲಾ ಅಂತ ಕೇಳುತ್ತೆ. ನಿಮ್ಮ ಉತ್ತರ ಇಂಪೋರ್ಟ್. ಕ್ಲಿಯರ್ ಒತ್ತಿದರೆ ಆ ವಿವರವೇ ಅಳಿಸಿಹೋಗುತ್ತೆ. ಹೊಸದಾಗಿ ಅರೇ ಕಟ್ಟಿ ಇನಿಷಿಯಲೈಸ್ ಒತ್ತೋದಂತೂ ಕನಸಲ್ಲೂ ಬೇಡ.

ಬೇರೆ ಕಂಪನಿಯ ಕಾರ್ಡ್ ಹಾಕಿದರೆ ಆ ಲಿಪಿ ಅದಕ್ಕೆ ಅರ್ಥವಾಗಲ್ಲ. ಹಾಗಾಗಿ ಹಾರ್ಡ್‌ವೇರ್ ರೇಡ್ ಆರಿಸೋರು ಅದೇ ಮಾಡೆಲಿನ ಇನ್ನೊಂದು ಕಾರ್ಡ್ ಬೀರುವಿನಲ್ಲಿ ಇಟ್ಟಿರಬೇಕು. ಲ್ಯಾಬಿನ ಸಣ್ಣ ಸರ್ವರ್‌ಗೆ ನನ್ನ ಸಲಹೆ ಕೇಳಿದರೆ, ಐಟಿ ಮೋಡ್ ಕಾರ್ಡ್ ಜೊತೆಗೆ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಅಥವಾ ಜೆಡ್‌ಎಫ್‌ಎಸ್ ಸಾಕು. ಡಿಸ್ಕ್‌ಗಳನ್ನ ಬಿಚ್ಚಿ ಬೇರೆ ಯಾವ ಕಂಪ್ಯೂಟರಿಗೆ ಹಾಕಿದರೂ ಡೇಟಾ ಎದ್ದು ಬರುತ್ತೆ. ಕಾರ್ಡಿನ ಬ್ಯಾಟರಿ ಕ್ಯಾಶ್ ನಿಜವಾಗಲೂ ಬೇಕಾಗೋ ಜಾಗಕ್ಕೆ, ವಾರಂಟಿ ಇರೋ ಸರ್ವರ್‌ಗೆ ಹಾರ್ಡ್‌ವೇರ್ ರೇಡ್ ಇರಲಿ.

ಯಾವುದನ್ನ ಆರಿಸಿದರೂ ರೇಡ್ ಬ್ಯಾಕಪ್ ಅಲ್ಲ. ಯಾರೋ ತಪ್ಪಿ ಫೋಲ್ಡರ್ ಅಳಿಸಿದರೆ ರೇಡ್ ಅದನ್ನ ಎಲ್ಲಾ ಡಿಸ್ಕಿನಲ್ಲೂ ಅಷ್ಟೇ ಶ್ರದ್ಧೆಯಿಂದ ಅಳಿಸುತ್ತೆ. ಬ್ಯಾಕಪ್ ಬೇರೆ ಪೆಟ್ಟಿಗೆಯಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇರಬೇಕು.

ಕೊನೆಗೆ, ಅಂಗಡಿಯಲ್ಲಿ ದುಡ್ಡು ಕೊಡೋ ಮೊದಲು ಕೇಳಬೇಕಾದ್ದು ಇಷ್ಟು: ಚಿಪ್ ಯಾವುದು? 2 ಟಿಬಿಗಿಂತ ದೊಡ್ಡ ಡಿಸ್ಕ್ ನೋಡುತ್ತಾ? ಈಗ ಯಾವ ಫರ್ಮ್‌ವೇರ್, ಯಾವ ಮೋಡ್‌ನಲ್ಲಿದೆ? ಬ್ಯಾಟರಿ ಇದೆಯಾ, ಇದ್ದರೆ ಜೀವ ಇದೆಯಾ? ಕೇಬಲ್ ಯಾವ ಥರದ್ದು ಕೊಡ್ತೀರಾ ಅಣ್ಣಾ, ಫಾರ್ವರ್ಡಾ ರಿವರ್ಸಾ? ಇದೇ ಕಾರ್ಡ್ ಇನ್ನೊಂದು ಇದೆಯಾ? ಆರಕ್ಕೂ ಸರಿಯಾದ ಉತ್ತರ ಬಂದರೆ ಜೇಬಿಗೆ ಕೈ ಹಾಕಿ.